ಮಾಟುಂಗದ ಕರಿ ಫೋನು: ಮೀಟರು ಸರಿ ಅಂದಿತು, ಗಂಟೆ ಒಪ್ಪಲಿಲ್ಲ

ಫೋನು ನಮ್ಮ ಮನೆಗೆ ಬಂದದ್ದು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಸಿಹಿತಿಂಡಿ ಅಂಗಡಿಯ ಚೀಲದೊಳಗೆ ಕೂತು. ಕಪ್ಪು ಬೇಕಲೈಟು. ಬಟ್ಟೆಯ ಹೆಣಿಗೆ ಇರುವ ವೈರು. ಡಯಲಿನ ನಡುವಿನ ಚೀಟಿಯಲ್ಲಿ ಶಾಯಿಯಿಂದ ಬರೆದ ಆರು ಅಂಕಿಯ ನಂಬರು. ಈಗ ಮುಂಬಯಿಯ ನಂಬರು ಎಂಟು ಅಂಕಿ. ಅಂದರೆ ಆ ಚೀಟಿಗೇ ಎಷ್ಟೋ ದಶಕದ ವಯಸ್ಸಾಗಿರಬೇಕು.

ತಂದವರು ಪರಿಚಯದವರೇ. "ಅಮ್ಮನಿಗೆ ಇದರ ಗಂಟೆ ಕೇಳಬೇಕಂತೆ. ಮಾತಾಡಿದ್ದು ಕೇಳ್ತದೆ, ನಾವು ಆಡಿದ್ದೂ ಆ ಕಡೆ ಹೋಗ್ತದೆ. ಗಂಟೆ ಮಾತ್ರ ಇಲ್ಲ. ನೀವು ಈ ಫೋನಿನ ಕೆಲಸದಲ್ಲೇ ಇದ್ದವರಲ್ವಾ?" ಅಂದರು.

ಇದ್ದವನು ಹೌದು. ಮೂವತ್ತು ವರ್ಷ ಒಂದು ಕಂಪನಿಯ ಒಳಗಿನ ಎಕ್ಸ್‌ಚೇಂಜನ್ನು ನೋಡಿಕೊಂಡಿದ್ದೆ. ನಿವೃತ್ತಿಯಾಗಿ ಮುಲುಂಡಿನಲ್ಲಿದ್ದೇನೆ. ಕಂಪನಿ ಗುಜರಿಗೆ ಹಾಕಿದ ಎಂಟು ಲೈನಿನ ಒಂದು ಪುಟ್ಟ ಇಪಿಎಬಿಎಕ್ಸ್, ಅಂದರೆ ಅಂಥದೇ ಒಳಗಿನ ಎಕ್ಸ್‌ಚೇಂಜಿನ ಪೆಟ್ಟಿಗೆ, ಮಂಚದ ಕೆಳಗೆ ಇದೆ. ಹೊರಗೆ ಎಸೆಯಲಿಕ್ಕೆ ಹೆಂಡತಿಗೆ ಅದರ ಮೇಲೆ ಕಣ್ಣು. ಇಂಥ ಕೆಲಸ ಬಂದಾಗ ಮಾತ್ರ ಅದಕ್ಕೆ ಮರ್ಯಾದೆ.

ಮೊದಲು ಮನೆಯ ಕಥೆ ಸ್ವಲ್ಪ ಹೇಳಬೇಕು. ಮಾಟುಂಗದಲ್ಲಿ ಕಿಂಗ್ಸ್ ಸರ್ಕಲ್ ಹತ್ತಿರ ಇವರದೊಂದು ಉಡುಪಿ ಹೋಟೆಲ್ ಇತ್ತು. ಕೆಳಗೆ ಹೋಟೆಲ್, ಮೇಲೆ ಮನೆ. ಲೈನು ಒಂದೇ, ಫೋನು ಎರಡು. ಗಲ್ಲಾದ ಮೇಲೆ ಒಂದು, ಮನೆಯಲ್ಲಿ ಒಂದು. ಹೋಟೆಲ್ ನಿಂತಿತು, ಧಣಿಗಳು ತೀರಿಕೊಂಡರು, ಗಲ್ಲಾದ ಫೋನು ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ. ಉಳಿದದ್ದು ಮೇಲಿನದು. ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಮನೆಯ ಕಾರ್ಡ್‌ಲೆಸ್ ಫೋನಿನ ಕೀಚಲು ದನಿ ಅವರ ಕಿವಿಗೆ ಬೀಳುವುದೇ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಕೀಚಲು ಸ್ವರಗಳನ್ನೇ. ಹಾಗಾಗಿ ಇದನ್ನು ಸುಮ್ನೆ ಹಳೆಯ ನೆನಪಿನ ಗೀಳು ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಅವರಿಗೆ ನಿಜಕ್ಕೂ ಗಂಟೆ ಬೇಕಿತ್ತು.

ತಳ ತಿರುಗಿಸಿ ನೋಡಿದೆ. ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಬೆಂಗಳೂರು. 1948ರಲ್ಲಿ ಶುರುವಾದ ಕಾರ್ಖಾನೆ. ಕೆ.ಆರ್. ಪುರದ ಹತ್ತಿರ ದೂರವಾಣಿನಗರ ಅನ್ನುವ ಊರೇ ಅದರಿಂದ ಹುಟ್ಟಿತು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. "ಹೌದಾ ಮಾರಾಯ್ರೆ? ಇಷ್ಟು ವರ್ಷ ಬೊಂಬಾಯಿದು ಅಂತ ಅಂದುಕೊಂಡಿದ್ದೆ" ಅಂದರು. ಚೋರ್ ಬಜಾರಿನಲ್ಲಿ "ಬ್ರಿಟಿಷರ ಕಾಲದ್ದು" ಅಂತ ಮಾರುವ ಹೊಳೆಯುವ ಹಿತ್ತಾಳೆ ಫೋನುಗಳಲ್ಲಿ ಬಹಳಷ್ಟು ಈಚೆಗೆ ಮಾಡಿದವು. ಬಿಚ್ಚಿದರೆ ಒಳಗೆ ಅಗ್ಗದ ಬೋರ್ಡು ಇರುತ್ತದೆ. ಇದು ಹಾಗಲ್ಲ. ಎತ್ತಿದರೇ ಗೊತ್ತಾಗುತ್ತದೆ, ಕೈಗೆ ತೂಕ ಸಿಗುತ್ತದೆ.

ನನಗಿಂತ ಮುಂಚೆ ಒಂದು ಅಂಗಡಿಯಲ್ಲಿ ತೋರಿಸಿದ್ದರಂತೆ. ಅಲ್ಲಿ ಒಂದು ವಾರ ಇಟ್ಟುಕೊಂಡು, "ಕಾಯಿಲ್ ಸುಟ್ಟಿದೆ, ಎಲೆಕ್ಟ್ರಾನಿಕ್ ರಿಂಗರ್ ಹಾಕಿಕೊಡ್ತೇವೆ" ಅಂದರಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗಂಟೆಯ ಕಾಯಿಲ್ ಅಂದರೆ ತಂತಿಯ ಸುರುಳಿ, ಅದರಲ್ಲಿ ಹರಿಯುವುದು ಕೆಲವೇ ಮಿಲಿಆಂಪ್ ಕರೆಂಟು. ಅದರಲ್ಲಿ ಸುಡುವುದು ಬಹಳ ಅಪರೂಪ. ತಂತಿ ತುಂಡಾಗುತ್ತದೆ, ಅದು ಬೇರೆ ವಿಷಯ. ಕೂದಲೆಳೆಯಂಥ ತಾಮ್ರದ ತಂತಿ, ಮುಂಬಯಿಯ ಉಪ್ಪು ಗಾಳಿ, ಕೆಳಗಿನ ಅಡುಗೆಮನೆಯ ಹಬೆ. ಬೆಸುಗೆಯ ಬುಡದಲ್ಲಿ ಹಸಿರು ಕಿಲುಬು ಹಿಡಿದು ಒಂದು ದಿನ ಕಡಿದುಹೋಗುತ್ತದೆ. ಅಂಥ ತಂತಿಯ ತುದಿ ಹುಡುಕಿ ಬೆಸೆದರೆ ಆಯಿತು.

ಈ ಗಂಟೆ ಹೇಗೆ ಹೊಡೆಯುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಗೋಳು ಅರ್ಥವಾಗಲಿಕ್ಕೆ ಅದು ಬೇಕು. ಒಳಗೆ ಎರಡು ಕಾಯಿಲ್, ಜೊತೆಗೆ ಒಂದು ಶಾಶ್ವತ ಅಯಸ್ಕಾಂತ. ಕಾಯಿಲುಗಳ ಎದುರಿಗೆ ತಕ್ಕಡಿಯ ದಂಡಿಗೆಯ ಹಾಗೆ ಓಲಾಡುವ ಕಬ್ಬಿಣದ ಪಟ್ಟಿ. ಆ ಪಟ್ಟಿಗೆ ಅಂಟಿಕೊಂಡ ಕಡ್ಡಿಯ ತುದಿಯಲ್ಲಿ ಗುಂಡು, ಅದೇ ಗಂಟೆಯ ನಾಲಗೆ. ಅದರ ಎರಡೂ ಪಕ್ಕದಲ್ಲಿ ಒಂದೊಂದು ಬಟ್ಟಲು. ಕರೆಂಟು ಒಂದು ದಿಕ್ಕಿಗೆ ಹರಿದಾಗ ಎಡಗಡೆಯ ಎಳೆತ ಹೆಚ್ಚುತ್ತದೆ, ಬಲಗಡೆಯದು ತಗ್ಗುತ್ತದೆ. ಪಟ್ಟಿ ಎಡಕ್ಕೆ ವಾಲುತ್ತದೆ. ಕರೆಂಟು ತಿರುಗಿದರೆ ಬಲಕ್ಕೆ. ಎಕ್ಸ್‌ಚೇಂಜು ರಿಂಗಿಗಾಗಿ ಕಳಿಸುವುದು ಸುಮಾರು 75 ವೋಲ್ಟಿನ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು, ಸೆಕೆಂಡಿಗೆ 25 ಸುತ್ತು. ಪ್ರತಿ ಸುತ್ತಿಗೆ ನಾಲಗೆ ಒಮ್ಮೆ ಅತ್ತ, ಒಮ್ಮೆ ಇತ್ತ. ಅಂದರೆ ಸೆಕೆಂಡಿಗೆ 50 ಪೆಟ್ಟು. ಗ್ರಹಾಂ ಬೆಲ್ ಅವರ ಜೊತೆಗಾರ ಥಾಮಸ್ ವಾಟ್ಸನ್ 1878ರಲ್ಲಿ ರೂಪಿಸಿದ ಉಪಾಯ ಇದು. ಮುಂದೆ ನೂರು ವರ್ಷ ಅದರ ಮೂಲ ಬದಲಾಗಲಿಲ್ಲ.

ಇನ್ನೊಂದು ಮುಖ್ಯ ಅಂಗ ಕೆಪಾಸಿಟರ್. ಲೈನಿನಲ್ಲಿ ಯಾವಾಗಲೂ 48 ವೋಲ್ಟಿನಷ್ಟು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಇರುತ್ತದೆ. ಅದು ಗಂಟೆಯೊಳಗೆ ಹರಿದರೆ ರಿಸೀವರ್ ಎತ್ತಿದ್ದಾರೆ ಅಂತ ಎಕ್ಸ್‌ಚೇಂಜು ತಿಳಿದುಕೊಳ್ಳುತ್ತದೆ. ಡಿಸಿಯನ್ನು ತಡೆದು ರಿಂಗಿನ ಎಸಿಯನ್ನು ಮಾತ್ರ ಒಳಗೆ ಬಿಡುವ ಬಾಗಿಲು ಕಾಯುವವನು ಈ ಕೆಪಾಸಿಟರ್.

ಫೋನನ್ನು ನನ್ನ ಪುಟ್ಟ ಎಕ್ಸ್‌ಚೇಂಜಿಗೆ ಸಿಕ್ಕಿಸಿ ಇನ್ನೊಂದು ಲೈನಿನಿಂದ ಕರೆ ಮಾಡಿದೆ. ಮೌನ. ಕಿವಿ ಹತ್ತಿರ ಇಟ್ಟರೆ ಸೊಳ್ಳೆಯಂಥ ಸದ್ದು ಕೂಡ ಇಲ್ಲ. ಲೈನು ಕಿತ್ತು, ತಳದ ಸ್ಕ್ರೂ ಬಿಚ್ಚಿದೆ. ಲೈನು ಕೀಳದೆ ಒಳಗೆ ಕೈ ಹಾಕಬೇಡಿ. ಅದೇ ಹೊತ್ತಿಗೆ ಯಾರಾದರೂ ಕರೆ ಮಾಡಿದರೆ 75 ವೋಲ್ಟು ಬೆರಳಿಗೆ ಚೆನ್ನಾಗಿ ನೆನಪುಳಿಯುತ್ತದೆ.

ಒಳಗೆ ಮೊದಲು ಕಂಡದ್ದು ಅಂಗಡಿಯವರ ಕೈಗುರುತು. ಹಳೆಯ ತಗಡಿನ ಡಬ್ಬಿಯ ಕೆಪಾಸಿಟರಿಗೂ ಗಂಟೆಗೂ ಇದ್ದ ತಂತಿ ಕತ್ತರಿಸಿ, ಗಂಟೆಯ ದಾರಿಯಲ್ಲಿ ಹೊಸದೊಂದು ಕೆಪಾಸಿಟರ್ ಕೂರಿಸಿದ್ದರು. ಹಳೆಯ ಕಾಗದದ ಕೆಪಾಸಿಟರನ್ನು ಬಿಟ್ಟದ್ದು ಸರಿಯೇ. ಅವು ತೇವ ಹೀರಿ ಸೋರತೊಡಗುತ್ತವೆ. ಆದರೆ ಹೊಸದರ ಮೇಲೆ ಬರೆದದ್ದು 104. ಅಂದರೆ 0.1 ಮೈಕ್ರೊಫ್ಯಾರಡ್. ಅಲ್ಲಿ ಬೇಕಿದ್ದದ್ದು 2 ಮೈಕ್ರೊಫ್ಯಾರಡ್ ಆಸುಪಾಸಿನದು. ಲೆಕ್ಕ ಹಾಕಿ ನೋಡಿ. 25 ಸುತ್ತಿನ ಎಸಿಗೆ 2 ಮೈಕ್ರೊಫ್ಯಾರಡ್ ಒಡ್ಡುವ ತಡೆ ಸುಮಾರು 3,200 ಓಮ್. 0.1 ಒಡ್ಡುವುದು ಸುಮಾರು 64,000 ಓಮ್. ಇಪ್ಪತ್ತು ಪಟ್ಟು ಜಾಸ್ತಿ. ಗಂಟೆಗೆ ಒಂದು ಮಿಲಿಆಂಪಿನಷ್ಟು ಸಿಕ್ಕರೆ ಪುಣ್ಯ. ಹೆಬ್ಬಾಗಿಲಿನ ಜಾಗದಲ್ಲಿ ಬೆಕ್ಕು ನುಗ್ಗುವ ಕಿಂಡಿ ಇಟ್ಟಂತೆ.

ಮರುದಿನ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 2.2 ಮೈಕ್ರೊಫ್ಯಾರಡಿನ ಫಿಲ್ಮ್ ಕೆಪಾಸಿಟರ್ ತಂದೆ. 225 ಅಂತ ಬರೆದಿರುತ್ತದೆ. ವೋಲ್ಟೇಜು 400ರದು ತೆಗೆದುಕೊಂಡೆ. ರಿಂಗಿನ ಏರು ತುದಿಯ ಮೇಲೆ ಲೈನಿನ ಡಿಸಿಯೂ ಸೇರುವುದರಿಂದ 100 ವೋಲ್ಟಿನದು ಬಾಳುವುದಿಲ್ಲ. ಅಂಗಡಿ ಹುಡುಗ ಎಲೆಕ್ಟ್ರೊಲಿಟಿಕ್ ತೋರಿಸಿದ, "ಅಂಕಲ್, ಇದು ಸಸ್ತಾ" ಅಂದ. ಅದಕ್ಕೆ ಪ್ಲಸ್ಸು ಮೈನಸ್ಸು ಇದೆ, ಎಸಿಗೆ ಆಗಿಬರುವುದಿಲ್ಲ. ರೈಲಿನ ಖರ್ಚೇ ಕೆಪಾಸಿಟರಿಗಿಂತ ಹೆಚ್ಚಾಯಿತು.

ಹಾಕಿದೆ. ಕರೆ ಮಾಡಿದೆ. ಈಗ ಸದ್ದು ಬಂತು, ಆದರೆ ಗಂಟೆಯದಲ್ಲ. ಬಾಟಲಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಗುಂಯ್. ನಾಲಗೆ ನಡುಗುತ್ತಿದೆ, ಓಲಾಡುತ್ತಿಲ್ಲ.

ಇಲ್ಲಿಂದ ಮುಂದೆ ಎರಡು ಗಂಟೆ ನಾನು ದಡ್ಡತನ ಮಾಡಿದೆ. ಅದನ್ನು ಮುಚ್ಚಿಡುವುದಿಲ್ಲ. ಈ ಪ್ರಕರಣ ಬರೆಯಲಿಕ್ಕೆ ಕೂತದ್ದೇ ಆ ಎರಡು ಗಂಟೆಗಾಗಿ.

ಕಾಯಿಲುಗಳನ್ನು ಮೀಟರಿನಲ್ಲಿ ಅಳೆದೆ. ಎರಡೂ ಸೇರಿ ಸಾವಿರ ಓಮ್, ಮೇಲೆ ಹದಿನೈದು. ಈ ಬಗೆಯ ಗಂಟೆಗೆ ಇರಬೇಕಾದದ್ದು ಅಷ್ಟೇ, ಒಂದೊಂದಕ್ಕೆ ಐನೂರು. "ಸುಟ್ಟಿದೆ ಅಂದರಂತೆ!" ಅಂತ ಒಬ್ಬನೇ ನಕ್ಕೆ. ಕಾಯಿಲ್ ಸರಿ ಇದೆ ಅಂತ ತಲೆಯಲ್ಲಿ ಟಿಕ್ ಹಾಕಿ ಅದನ್ನು ಮರೆತೆ. ಇನ್ನು ಉಳಿದದ್ದು ಯಂತ್ರದ ದೋಷವೇ ಅಲ್ವಾ?

ಪಟ್ಟಿ ಓಲಾಡುವ ಕೀಲಿನಲ್ಲಿ ಜಿಡ್ಡು ಇತ್ತು. ದೋಸೆಯ ಹೊಗೆ ಮಹಡಿ ಹತ್ತಿ ಬಂದು ಮೂವತ್ತು ವರ್ಷ ಕೂತರೆ ಹೇಗಿರಬೇಕೋ ಹಾಗೆ, ಬೆಲ್ಲದ ಪಾಕದ ಹದದಲ್ಲಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬ್ರಶ್ಶಿನಿಂದ ಉಜ್ಜಿದೆ. ಎಣ್ಣೆ ಬಿಡಲಿಲ್ಲ, ಎಣ್ಣೆಗೆ ಮತ್ತೆ ಧೂಳು ಅಂಟುತ್ತದೆ. ಬೆರಳಿನಿಂದ ತಳ್ಳಿದರೆ ನಾಲಗೆ ಈಗ ಸಲೀಸಾಗಿ ಆಡುತ್ತಿತ್ತು. ಕರೆ ಮಾಡಿದೆ. ಗುಂಯ್.

ಬಟ್ಟಲು ಸರಿಸಿದೆ. ಗುಂಯ್. ಅಯಸ್ಕಾಂತ ಸತ್ತಿರಬಹುದೇ ಅಂತ ಗುಂಡುಸೂಜಿ ಹಿಡಿದು ನೋಡಿದೆ, ಗಬಕ್ಕನೆ ಎಳೆದುಕೊಂಡಿತು. ಸ್ಪ್ರಿಂಗ್ ಸಡಿಲಿಸಿದೆ. ಗುಂಯ್. ಅಡುಗೆಮನೆಯಿಂದ ಹೆಂಡತಿ, "ರೀ, ಅದೇನು ಗಂಟೆಯೋ, ಮಿಕ್ಸಿಯೋ?" ಅಂದಳು.

ಊಟ ಮಾಡಿ ಬಂದು ಮತ್ತೆ ಕೂತಾಗ ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿತ್ತು. ಆಗ ಕಂಡಿತು. ಕಾಯಿಲುಗಳಿಗೆ ಒಟ್ಟು ನಾಲ್ಕು ಬೆಸುಗೆ. ಎರಡು ಮಂಕಾಗಿ, ಹಳೆಯ ಬೂದಿಯ ಬಣ್ಣದಲ್ಲಿವೆ. ಬಲಗಡೆಯ ಕಾಯಿಲಿನ ಎರಡೂ ಬೆಸುಗೆ ಮಾತ್ರ ಹೊಳೆಯುತ್ತಿವೆ. ಅಂದರೆ ಅಂಗಡಿಯವರು ಆ ಕಾಯಿಲನ್ನು ಬಿಚ್ಚಿದ್ದರು. ಬಹುಶಃ ಕಡಿದ ತುದಿಯನ್ನು ಸರಿಯಾಗಿಯೇ ಹುಡುಕಿ ಬೆಸೆದಿದ್ದರು, ಪಾಪ. ಆದರೆ ಮತ್ತೆ ಸೇರಿಸುವಾಗ ಎರಡು ತುದಿಗಳನ್ನು ಅದಲು ಬದಲು ಮಾಡಿದ್ದರು.

ಮೀಟರಿಗೆ ಇದು ಕಾಣಿಸುವುದೇ ಇಲ್ಲ. ಐನೂರು ಮತ್ತು ಐನೂರು ಸೇರಿದರೆ ಸಾವಿರ, ಯಾವ ಕಡೆಯಿಂದ ಸೇರಿಸಿದರೂ. ಮೀಟರು ಹೇಳುವುದು ತಂತಿ ಉದ್ದಕ್ಕೂ ಇದೆ ಅಂತ ಮಾತ್ರ. ಅಯಸ್ಕಾಂತಕ್ಕೆ ಮಾತ್ರ ದಿಕ್ಕು ಗೊತ್ತು. ಒಂದು ಕಾಯಿಲ್ ತಿರುಗುಮುರುಗಾದರೆ ತಕ್ಕಡಿಯ ಎರಡೂ ಕಡೆ ಒಟ್ಟಿಗೇ ಎಳೆತ ಹೆಚ್ಚುತ್ತದೆ, ಒಟ್ಟಿಗೇ ತಗ್ಗುತ್ತದೆ. ಎರಡು ತಟ್ಟೆಗೂ ಸಮ ತೂಕ ಹಾಕಿದರೆ ದಂಡಿಗೆ ವಾಲುವುದೆಲ್ಲಿಂದ? ನಿಂತಲ್ಲೇ ನಡುಗುತ್ತದೆ. ಅದೇ ಆ ಗುಂಯ್.

ಊಹೆಯನ್ನು ಬೆಸುಗೆ ಬಿಚ್ಚುವ ಮೊದಲೇ ಪರೀಕ್ಷಿಸಬಹುದು. 9 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ, ಗಂಟೆಯ ಎರಡು ತುದಿಗೆ ಮುಟ್ಟಿಸಿದೆ. ನಾಲಗೆ ಅಲ್ಲಾಡಲಿಲ್ಲ. ಬ್ಯಾಟರಿ ತಿರುಗಿಸಿದೆ, ಆಗಲೂ ಇಲ್ಲ. ಈಗ ಎಡ ಕಾಯಿಲಿಗೆ ಮಾತ್ರ ಮುಟ್ಟಿಸಿದೆ. ನಾಲಗೆ ಟಕ್ಕನೆ ಒಂದು ಕಡೆಗೆ ಹೋಯಿತು. ಗಂಟೆಯಲ್ಲಿ ಕರೆಂಟು ಹರಿಯುವ ದಿಕ್ಕಿನಲ್ಲೇ ಬಲ ಕಾಯಿಲಿಗೆ ಮುಟ್ಟಿಸಿದರೆ ಅದಕ್ಕೆ ಎದುರು ಕಡೆಗೆ. ಎರಡೂ ಒಂದೇ ಕಡೆಗೆ ತಳ್ಳಬೇಕಿತ್ತು. ಇವು ಜಗಳವಾಡುತ್ತಿದ್ದವು. ಖುಷಿಯಲ್ಲಿ ಬರಿ ಬೆರಳಲ್ಲೇ ತಂತಿ ಬಿಟ್ಟೆ, ಕಾಯಿಲ್ ಚುರುಕ್ಕನೆ ಒಂದು ಕೊಟ್ಟಿತು. ಬ್ಯಾಟರಿ 18 ವೋಲ್ಟಿನದೇ ಆದರೂ ಕರೆಂಟನ್ನು ಥಟ್ಟನೆ ಕಡಿದಾಗ ಕಾಯಿಲ್ ತಾನಾಗಿ ಎಷ್ಟೋ ಪಟ್ಟು ವೋಲ್ಟು ಎಬ್ಬಿಸುತ್ತದೆ. ಗೊತ್ತಿದ್ದೂ ತಿಂದೆ.

ಈ ಬ್ಯಾಟರಿ ಪರೀಕ್ಷೆ ಎರಡು ನಿಮಿಷದ ಕೆಲಸ. ಇದನ್ನು ನಾನು ಮೊದಲೇ ಮಾಡಬೇಕಿತ್ತು. ಬೇರೆಯವರು ಕೈ ಹಾಕಿದ ಯಂತ್ರಕ್ಕೂ ತಾನಾಗಿ ಕೆಟ್ಟ ಯಂತ್ರಕ್ಕೂ ವ್ಯತ್ಯಾಸವಿದೆ. ತಾನಾಗಿ ಕೆಟ್ಟದ್ದರಲ್ಲಿ ತಂತಿ ಕಡಿದಿರುತ್ತದೆ, ಜಿಡ್ಡು ಹಿಡಿದಿರುತ್ತದೆ. ಆದರೆ ತಂತಿ ತಾನಾಗಿ ಜಾಗ ಬದಲಾಯಿಸುವುದಿಲ್ಲ. ಹೊಳೆಯುವ ಬೆಸುಗೆ ಕಂಡರೆ ಅದನ್ನೇ ಮೊದಲು ಹಿಡಿಯಬೇಕು.

ತುದಿ ಬದಲಿಸಿ ಬೆಸೆದೆ. ಕರೆ ಮಾಡಿದೆ. ನಾಲಗೆ ಕುಣಿಯಿತು. ಆದರೆ ದನಿ ಮಾತ್ರ ಹಂಚಿನ ಮೇಲೆ ಸೌಟು ಬಡಿದ ಹಾಗೆ ಕಟಕಟ. ಅದು ನನ್ನದೇ ಪಾಪ, ಬಟ್ಟಲು ಸರಿಸಿದ್ದೆನಲ್ಲ. ಬಟ್ಟಲಿನ ತೂತು ನಟ್ಟ ನಡುವೆ ಇರುವುದಿಲ್ಲ, ಸ್ವಲ್ಪ ಓರೆ. ಸ್ಕ್ರೂ ಸಡಿಲಿಸಿ ಬಟ್ಟಲನ್ನು ತಿರುಗಿಸಿದರೆ ಅದು ನಾಲಗೆಗೆ ಹತ್ತಿರ ಬರುತ್ತದೆ ಅಥವಾ ದೂರ ಹೋಗುತ್ತದೆ. ಪಟ್ಟಿಯನ್ನು ಬೆರಳಿನಿಂದ ಒಂದು ಕಡೆಗೆ ಪೂರ್ತಿ ಒತ್ತಿ ಹಿಡಿದಾಗ ನಾಲಗೆ ಬಟ್ಟಲನ್ನು ಮುಟ್ಟಬಾರದು. ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಉಳಿಯಬೇಕು. ಕಡ್ಡಿಯ ಬಳುಕಿನಿಂದ ನಾಲಗೆ ಆ ಸಂದನ್ನು ದಾಟಿ ಹೊಡೆದು ಕೂಡಲೇ ಹಿಂದೆ ಸರಿಯಬೇಕು. ಮುಟ್ಟಿಕೊಂಡೇ ನಿಂತರೆ ತಾನೇ ಎಬ್ಬಿಸಿದ ನಾದವನ್ನು ತಾನೇ ಅದುಮಿಬಿಡುತ್ತದೆ. ದೇವಸ್ಥಾನದ ಗಂಟೆ ಹೊಡೆದು ಅದನ್ನೇ ಕೈಯಲ್ಲಿ ಹಿಡಿದ ಹಾಗೆ. ಎಡದ್ದು, ಬಲದ್ದು, ಮತ್ತೆ ಎಡದ್ದು. ಎರಡು ಬಟ್ಟಲಿಗೂ ಬೇರೆ ಬೇರೆ ಸ್ವರ. ಕೊನೆಗೆ ಎರಡೂ ಬೆರೆತು ಬಂತು ನೋಡಿ, ಟ್ರಿಂಗ್ ಟ್ರಿಂಗ್. ನಮ್ಮ ದೇಶದ ರಿಂಗಿನ ತಾಳವೇ ಹಾಗೆ. 0.4 ಸೆಕೆಂಡು ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡು ಮೌನ. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಏನೂ ಹೇಳಲಿಲ್ಲ, ಆದರೆ ನಿಂತಳು.

ಭಾನುವಾರ ಮಾಟುಂಗಕ್ಕೆ ಹೊರಟೆ. ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಅವರ ಮನೆಯಲ್ಲಿ ಈಗ ತಾಮ್ರದ ಲೈನು ಇಲ್ಲ. ಫೈಬರ್ ಬಂದಿದೆ. ಗೋಡೆಯ ಮೇಲೊಂದು ಬಿಳಿ ಪೆಟ್ಟಿಗೆ, ಅದರ ಬೆನ್ನಿಗೆ ಫೋನಿನ ತೂತು. ಸಿಕ್ಕಿಸಿ ನನ್ನ ಮೊಬೈಲಿನಿಂದ ಕರೆ ಮಾಡಿದರೆ ಗಂಟೆ ಟಿಕ್ ಟಿಕ್ ಅಂತ ಎರಡು ಬಡಿತ ಬಡಿದು ಸುಮ್ಮನಾಯಿತು. ಅಮ್ಮ ಕುರ್ಚಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಮೀಟರ್ ಹಿಡಿದೆ. ಅಂಕಿ ಕುಣಿಯುತ್ತಿತ್ತು, ಆದರೂ 40 ವೋಲ್ಟಿನ ಆಸುಪಾಸು. ಈ ಪೆಟ್ಟಿಗೆಗಳು ರಿಂಗನ್ನು ತಮ್ಮೊಳಗೇ ತಯಾರಿಸುತ್ತವೆ. ಹೊಸ ಫೋನಿನ ಪೀಪಿಗೆ ಅಷ್ಟು ಸಾಕು. ಕಬ್ಬಿಣದ ಪಟ್ಟಿ ಅಲ್ಲಾಡಿಸುವ ಗಂಟೆಗೆ ಹೊಟ್ಟೆ ತುಂಬುವುದಿಲ್ಲ. ಅದೇ ತೂತಿಗೆ ಒಂದು ಕಾರ್ಡ್‌ಲೆಸ್, ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಬಟನ್ ಫೋನು, ನಂಬರ್ ತೋರಿಸುವ ಒಂದು ಹಳೆಯ ಡಬ್ಬಿ. ಎಲ್ಲವೂ ರಿಂಗಿನಲ್ಲಿ ಪಾಲು ಕೇಳುವವೇ.

ಬಟನ್ ಫೋನು, ಡಬ್ಬಿ ಎರಡನ್ನೂ ಕಿತ್ತೆ. ಗಂಟೆ ಸುಧಾರಿಸಿತು, ಸಾಲಲಿಲ್ಲ. ಉಳಿದದ್ದು ಒಂದೇ ದಾರಿ. ಪಟ್ಟಿಯನ್ನು ಒಂದು ಕಡೆಗೆ ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗ್ ಒಂದಿದೆ. ಅದನ್ನು ಇನ್ನಷ್ಟು ಸಡಿಲಿಸಿದರೆ ಕಡಿಮೆ ವೋಲ್ಟಿಗೂ ನಾಲಗೆ ಆಡುತ್ತದೆ. ಸಡಿಲಿಸಿದೆ. ಮತ್ತೆ ಕರೆ ಮಾಡಿದೆ. ಇಡೀ ಹಾಲ್ ತುಂಬಿತು. ಕೆಳಗಿನ ರಸ್ತೆಯ ಬಸ್ಸಿನ ಸದ್ದನ್ನೂ ಮೀರಿ. ಅಮ್ಮ ರಿಸೀವರಿಗೆ ಕೈ ಹಾಕಲಿಲ್ಲ, ಹೊಡೆಯಲಿ ಅಂತ ಬಿಟ್ಟರು. ಮಗ "ಎತ್ತು ಅಮ್ಮ" ಅಂದರೆ, "ನೀನು ಸುಮ್ಮನಿರು, ಊರಿಂದ ಟ್ರಂಕ್ ಕಾಲ್ ಬಂದರೆ ಹೀಗೇ ಎದೆ ಹೊಡೆದುಕೊಳ್ತಿತ್ತು" ಅಂದರು.

ಎರಡು ವಿಷಯ ನಾನು ಒಪ್ಪಿಕೊಳ್ಳಬೇಕಿತ್ತು. ಒಂದು, ಈ ಡಯಲ್ ತಿರುಗಿಸಿದರೆ ನಂಬರು ಹೋಗುವುದಿಲ್ಲ. ಹಳೆಯ ಡಯಲ್ ಲೈನನ್ನು ಸೆಕೆಂಡಿಗೆ ಹತ್ತು ಸಲ ಕಡಿದು ಕಡಿದು ಅಂಕಿ ಹೇಳುತ್ತದೆ, ಆ ಬಿಳಿ ಪೆಟ್ಟಿಗೆಗೆ ಆ ಭಾಷೆ ಬರುವುದಿಲ್ಲ. ಅದನ್ನು ಬದಲಿಸಿಕೊಡುವ ಸಣ್ಣ ಸರ್ಕಿಟ್ ಹಾಕಬಹುದು ಅಂದೆ. "ನನಗೆ ಯಾರಿಗೂ ಮಾಡಬೇಕಾಗಿಲ್ಲ. ಬಂದದ್ದು ಕೇಳಿದರೆ ಸಾಕು" ಅಂದರು.

ಎರಡನೆಯದು ನನಗೆ ಮುಜುಗರದ್ದು. ಆ ಸ್ಪ್ರಿಂಗ್ ಇರುವುದೇ ಲೈನಿನ ಸಣ್ಣಪುಟ್ಟ ಕುಲುಕಿಗೆ ಗಂಟೆ ಬಡಿಯದಿರಲಿ ಅಂತ. ಈಗ ಒಳಗಿನ ಕೋಣೆಯಲ್ಲಿ ಕಾರ್ಡ್‌ಲೆಸ್ ಆನ್ ಮಾಡಿದರೆ ಲೈನಿನ ವೋಲ್ಟು 48ರಿಂದ ಒಂದಂಕಿಗೆ ಇಳಿಯುತ್ತದೆ, ಆ ಒಂದು ಜಗ್ಗಿಗೇ ಹಾಲಿನಲ್ಲಿ ಟಿಣ್ ಅನ್ನುತ್ತದೆ. ಸಂದು ಇನ್ನೂ ಸ್ವಲ್ಪ ಹೊಂದಿಸಿ ನೋಡುತ್ತೇನೆ, ಇನ್ನೊಂದು ಅರ್ಧ ಗಂಟೆ ಕೊಡಿ ಅಂತ ಸ್ಕ್ರೂಡ್ರೈವರ್ ತೆಗೆದೆ.

"ಬೇಡ ಮಾರಾಯ್ರೆ, ಅದನ್ನು ಮುಟ್ಟಬೇಡಿ" ಅಂದರು ಅಮ್ಮ. ಕೆಳಗೆ ಗಲ್ಲಾದಲ್ಲಿ ಧಣಿಗಳು ಇಲ್ಲದ ಹೊತ್ತು ನೋಡಿ ಮಾಣಿಗಳು ಕದ್ದು ಡಯಲ್ ತಿರುಗಿಸಿದರೆ, ಮೇಲೆ ಈ ಫೋನು ಟಿಣ್ ಟಿಣ್ ಅನ್ನುತ್ತಿತ್ತಂತೆ. ಅಷ್ಟು ಸಾಕಾಗಿತ್ತು, ಇವರು ಮೆಟ್ಟಿಲ ತುದಿಗೆ ಬಂದು ಒಮ್ಮೆ ಕೆಮ್ಮುತ್ತಿದ್ದರಂತೆ.

ನಾನು ಚೀಲ ಕಟ್ಟುತ್ತಿದ್ದೆ. ಫೋನು ಟಿಣ್ ಅಂದಿತು. ಅಮ್ಮ ಒಳಕೋಣೆಯ ಬಾಗಿಲ ಕಡೆ ತಿರುಗಿ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಮೊಮ್ಮಗ ಕಾರ್ಡ್‌ಲೆಸ್ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ, "ಅಜ್ಜಿ, ನಿಂಗೆ ಹೇಗೆ ಗೊತ್ತಾಯ್ತು?"